ಕೋವಿಗೆ ಕನ್ನಡಕ ಕೇಳಿದ ಅತ್ತೆ

ಪೂವಮ್ಮತ್ತೆ ಯಾವುದನ್ನು ಅಳೆದು ನೋಡುವುದಿದ್ದರೂ ಎಡಗಣ್ಣು ಮುಚ್ಚುತ್ತಿದ್ದರು. ಸಂತೆಯಲ್ಲಿ ಸೌತೆಕಾಯಿ ಆರಿಸುವಾಗ, ಘಾಟಿ ಇಳಿದು ಬರುವ ಬಸ್ಸಿನ ಬೋರ್ಡು ಓದುವಾಗ, ಮನೆಗೆ ಬಂದ ಹೊಸ ಅಳಿಯನನ್ನು ನೋಡುವಾಗ, ಎಲ್ಲದಕ್ಕೂ ಒಂದೇ ಕಣ್ಣು. ನನ್ನ ಮದುವೆಯಲ್ಲಿ ಎದುರಿನ ಸಾಲಿನಲ್ಲೇ ಕೂತು ಮದುಮಗಳನ್ನು ಹಾಗೆ ನೋಡಿಬಿಟ್ಟರು. "ನಿಮ್ಮ ಅತ್ತೆ ನನಗೆ ಕಣ್ಣು ಹೊಡೆದರು" ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಕೋವಿ ಹಿಡಿದು ಹಿಡಿದು ಬಂದ ಅಭ್ಯಾಸ ಅದು.

ಅವರು ನನ್ನ ಅಪ್ಪನ ತಂಗಿ, ಸಂಪಾಜೆಗೆ ಮದುವೆಯಾಗಿ ಹೋದವರು. ಆ ಮನೆಯಲ್ಲೊಂದು ಪಾಯಿಂಟ್ ಟೂಟೂ ಕೋವಿ ಇತ್ತು. ಸಣ್ಣ ಗುಂಡಿನದು, ಭುಜಕ್ಕೆ ಒದೆಯದ್ದು. ಮಾವ ತೀರಿಹೋದ ಮೇಲೆ ಅದರ ಲೈಸೆನ್ಸು ಅತ್ತೆಯ ಹೆಸರಿಗೆ ಬಂತು. ಬೇಟೆ ಎಂದರೆ ಅವರಿಗೆ ಆಗದು. "ಪಾಪದ ಪ್ರಾಣಿ ನನಗೆ ಎಂತ ಮಾಡಿದೆ? ತೆಂಗಿನಕಾಯಿಗೆ ಹೊಡೆದ್ರೆ ಪದಾರ್ಥಕ್ಕಾದರೂ ಆಗ್ತದೆ" ಎನ್ನುತ್ತಿದ್ದರು. ನವರಾತ್ರಿ ಕಳೆದ ಮೇಲೆ ಅಲ್ಲಿನ ಮೈದಾನದಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯೇ ಅವರಿಗೆ ದೊಡ್ಡ ಹಬ್ಬ. ಒಡೆದ ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಚಟ್ನಿ ಅರೆದು, ಮನೆತುಂಬ ಬಡಿಸುತ್ತಿದ್ದರು. "ಹಲ್ಲಿಗೆ ಸೀಸ ಸಿಕ್ಕಿದ್ರೆ ಹೇಳಿ ಮಾರಾಯ್ರೆ, ಅದು ನನ್ನದು!"

ಪುತ್ತೂರಿನಲ್ಲಿ ನನ್ನದು ಕನ್ನಡಕದ ಅಂಗಡಿ. ಒಂದು ಬೆಳಿಗ್ಗೆ ಅತ್ತೆ ಬಸ್ಸಿಳಿದು ಬಂದವರು, ನೀರೂ ಕುಡಿಯದೆ ಗಿರಾಕಿಯ ಕುರ್ಚಿಯಲ್ಲಿ ಕೂತರು.

"ಎರಡು ವರ್ಷ ಆಯ್ತು, ಒಂದು ಕಾಯಿ ಒಡೆಯಲಿಲ್ಲ. ಕಾಯಿ ಕಂಡ್ರೆ ಕೋವಿ ತುದಿಯ ಗುರಿ ಹಿಡಿಯುವ ಮಣಿ ಕಾಣುದಿಲ್ಲ, ಮಣಿ ಕಂಡ್ರೆ ಕಾಯಿ ಕಾಣುದಿಲ್ಲ. ನನಗೆ ಕನ್ನಡಕ ಬೇಡ. ಕೋವಿಗೊಂದು ಕನ್ನಡಕ ಕೊಡು."

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

"ನಗಬೇಡ. ಈ ಸಲವೂ ತಪ್ಪಿದ್ರೆ ಕೋವಿಯನ್ನು ಭವ್ಯಳ ಹೆಸರಿಗೆ ಮಾಡಿಕೊಡಿ ಅಂತ ಮಗ ಹೇಳಿದ್ದಾನೆ. ಸೊಸೆಗೆ ಕೊಡ್ಲಿಕ್ಕೆ ನನಗೆ ಬೇಜಾರಿಲ್ಲ. ಆದ್ರೆ ತಪ್ಪಿ ಕೊಡುದಾ? ಹೊಡೆದು ಕೊಡ್ಬೇಕು."

ಅರವತ್ತು ದಾಟಿದವರು ಕೋವಿಗೆ ಸ್ಕೋಪ್, ಅಂದರೆ ಒಳಗೆ ಗುರಿಯ ಗೆರೆ ಇರುವ ದುರ್ಬೀನು, ಹಾಕಿಕೊಳ್ಳಬಹುದು ಎಂದು ಅಲ್ಲಿನ ಕಮಿಟಿಯವರು ಒಪ್ಪಿದ್ದರು. ಸ್ವಲ್ಪ ತಡೆಯಿರಿ, ವಿಚಾರಿಸಿ ಹೇಳುತ್ತೇನೆ ಎಂದೆ. ಅತ್ತೆಗೆ ತಡೆಯುವುದೆಂದರೆ ಗೊತ್ತೇ ಇಲ್ಲ. ಪೇಟೆಯಿಂದ ಎಲ್ಲಕ್ಕಿಂತ ದೊಡ್ಡದನ್ನೇ ತರಿಸಿಬಿಟ್ಟರು. ಪಡುವಲಕಾಯಿಯಷ್ಟು ಉದ್ದದ್ದು. "ಕಾಯಿಯ ನಾರು ಎಣಿಸ್ಬಹುದು!" ಎಂದು ಫೋನಿನಲ್ಲಿ ಹೇಳಿದ್ದೇ ಹೇಳಿದ್ದು.

ಸ್ಪರ್ಧೆಯಲ್ಲಿ ನಾರು ಕಂಡಿತು ನಿಜ, ಆದರೆ ನಾರು ಯಾರ ಕಾಯಿಯದ್ದು ಎಂದು ಕಾಣಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕಾಯಿ ಸಾಲಾಗಿ ನೇತುಹಾಕಿ, ಸೀಟಿ ಊದಿದಾಗ ಎಲ್ಲರೂ ಒಟ್ಟಿಗೆ ಹೊಡೆಯಬೇಕು. ಅತ್ತೆಯ ಗಾಜಿನ ತುಂಬ ಒಂದೇ ಕಾಯಿ. ಅದು ಪಕ್ಕದ ಮನೆಯ ಜತ್ತಪ್ಪಣ್ಣನದು. ಠಪ್ ಎಂದು ಒಡೆಯಿತು. ಜತ್ತಪ್ಪಣ್ಣ ಗೆದ್ದರೆಂದು ಕಮಿಟಿಯವರು ಅವರ ಕೈ ಎತ್ತಿದ್ದೇ ತಡ, ಅತ್ತೆ ಕೂಗಿದರು: "ಅದು ನನ್ನ ಗುಂಡು!"

"ಹಾಗಾದ್ರೆ ನಿಮ್ಮ ಕಾಯಿ ಎಲ್ಲಿ ಅಕ್ಕ?" ಎಂದರು ಕಮಿಟಿಯವರು.

"ಅಲ್ಲೇ ನೇತಾಡ್ತಾ ಉಂಟಲ್ಲ, ನಿಮಗೆ ಕಣ್ಣು ಕಾಣುದಿಲ್ವಾ?"

ಬಹುಮಾನ ಇಬ್ಬರಿಗೂ ಇಲ್ಲವಾಯಿತು. ಜತ್ತಪ್ಪಣ್ಣ ದೀಪಾವಳಿವರೆಗೆ ಮಾತು ಬಿಟ್ಟರು. ಮಗ ಕೋವಿಯ ಮಾತೆತ್ತಿದಾಗ ಅತ್ತೆ, "ಕಾಯಿ ಒಡೆದದ್ದು ಹೌದಾ ಅಲ್ವಾ? ಇದು ತಪ್ಪಿದ ಲೆಕ್ಕಕ್ಕೆ ಬರುದಿಲ್ಲ" ಎಂದು ವಾದಿಸಿ ಇನ್ನೊಂದು ವರ್ಷ ಗಿಟ್ಟಿಸಿಕೊಂಡರು.

ಮುಂದಿನ ಸ್ಪರ್ಧೆಗೆ ಮೊದಲು ನಾನೇ ಎರಡು ಸಣ್ಣ ಸ್ಕೋಪ್ ಹಿಡಿದುಕೊಂಡು ಸಂಪಾಜೆಗೆ ಹೋದೆ. ಗದ್ದೆಯ ಆಚೆ ಬೇಲಿಗೂಟದ ಮೇಲೆ ಕಾಯಿ ಇಟ್ಟು, ಖಾಲಿ ಕೋವಿಯನ್ನು ಅಕ್ಕಿ ಮೂಟೆಯ ಮೇಲೆ ಅಲುಗದಂತೆ ಮಲಗಿಸಿದೆ. ಮೊದಲು ಅವರ ದೊಡ್ಡ ಸ್ಕೋಪಿನಲ್ಲೇ ನೋಡಲು ಹೇಳಿದೆ. "ಕೋವಿ ಮುಟ್ಟಬೇಡಿ ಅತ್ತೆ. ತಲೆ ಮಾತ್ರ ಅತ್ತಿತ್ತ ಮಾಡಿ."

"ಅಯ್ಯೋ! ಕೋವಿ ಅಲ್ಲಾಡ್ಲಿಲ್ಲ, ಒಳಗಿನ ಗೆರೆ ಅಲ್ಲಾಡ್ತದೆ! ಕಳ್ಳ ಇದು!"

ಅದು ಕಳ್ಳನಲ್ಲ, ದೊಡ್ಡ ಕೋವಿಯವರು ಬಲುದೂರಕ್ಕೆ ಹೊಡೆಯಲು ಹೊಂದಿಸಿದ್ದು, ಇಷ್ಟು ಹತ್ತಿರದ ಗುರಿಗೆ ಹೇಳಿ ಮಾಡಿಸಿದ್ದಲ್ಲ ಎಂದು ವಿವರಿಸಿದೆ. ನಾನು ತಂದವು ಸಣ್ಣ ಕೋವಿಗೆಂದೇ ಮಾಡಿದವು, ನಾಲ್ಕರಷ್ಟು ಮಾತ್ರ ದೊಡ್ಡದು ಮಾಡುವವು. ಅವುಗಳಲ್ಲಿ ತಲೆ ಎತ್ತ ಹೋದರೂ ಗೆರೆ ಕಾಯಿಯ ಮೇಲೆಯೇ ನಿಂತಿತು. ಅಕ್ಕಪಕ್ಕದ ಗೂಟಗಳೂ ಕಂಡವು.

"ಜತ್ತಪ್ಪನ ಕಾಯಿಯೂ ಕಾಣ್ತದೆ ಅಂತಾಯ್ತು. ಬಚಾವ್!"

ಎರಡರಲ್ಲಿ ಯಾವುದು ಎಂಬ ಪರೀಕ್ಷೆ ಅತ್ತೆಯದೇ. ಎರಡನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಇಟ್ಟರು. ಭವ್ಯ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಮರುದಿನ ತೆಗೆದು ಹೊರಗಿನ ಮಂಜು ಒರೆಸಿದರೆ, ಒಂದಕ್ಕೆ ಗಾಜಿನ ಒಳಗೇ ಮಂಜು ಕೂತಿತ್ತು. "ಇದು ಮೈಸೂರಿಗೆ ಆದೀತು. ಸಂಪಾಜೆಯ ಮಳೆ-ಮಂಜಿಗೆ ಆಗುದಿಲ್ಲ" ಎಂದು ಅದನ್ನು ನನ್ನ ಕೈಗೆ ತುರುಕಿದರು.

ಸ್ಪರ್ಧೆಯ ದಿನ ನಾನೂ ಹೋಗಿ ಹಗ್ಗದ ಈಚೆ ನಿಂತಿದ್ದೆ. ಸೀಟಿ ಊದಿತು. ಅತ್ತೆಯದೇ ಕಾಯಿ, ಅತ್ತೆಯದೇ ಗುಂಡು, ನೀರು ಚಿಲ್ಲೆಂದು ಹಾರಿತು! ಅವರು ಕುಣಿಯಲಿಲ್ಲ, ಪಕ್ಕಕ್ಕೆ ತಿರುಗಿ, "ಈಗ ನಿನ್ನದನ್ನು ನೀನೇ ಹೊಡ್ಕೊ ಜತ್ತಪ್ಪ" ಎಂದರು. ಜತ್ತಪ್ಪಣ್ಣನಿಗೂ ನಗು ಬಂತು. ಆ ವಾರವೇ, ಯಾರೂ ಕೇಳದೆ, ಅತ್ತೆ ಕೋವಿಯನ್ನು ಭವ್ಯಳಿಗೆ ಕೊಡುವ ಅರ್ಜಿಗೆ ಸಹಿ ಹಾಕಿದರು. ಸ್ಪರ್ಧೆಯ ದಿನ ನಾನು ಹೊರಟಾಗ ಗೇಟಿನವರೆಗೆ ಬಂದು, "ಇನ್ನು ನನಗೆ ಎಂತ ಬೇಕು ಮಾರಾಯ?" ಎಂದಿದ್ದರು. ನಮ್ಮ ಕೊನೆಯ ಭೇಟಿ ಅದೇ ಆಯಿತು. ಮುಂದಿನ ಮಳೆಗಾಲದಲ್ಲಿ ಸಣ್ಣ ಜ್ವರವೊಂದು ನೆಪವಾಗಿ ಅವರು ಹೋಗಿಬಿಟ್ಟರು.

ಮೊನ್ನೆ ಭವ್ಯ ಅಂಗಡಿಗೆ ಬಂದು ಸ್ಕೋಪನ್ನು ಮೇಜಿನ ಮೇಲಿಟ್ಟಳು. "ನನಗೆ ಅರವತ್ತು ಆಗ್ಲಿಲ್ಲವಲ್ಲ ಭಾವ, ಕಮಿಟಿಯವರು ಬಿಡುದಿಲ್ಲ. ನಿಮ್ಮಲ್ಲೇ ಇರಲಿ."

ಅವಳು ಹೋದ ಮೇಲೆ ಅದನ್ನೆತ್ತಿ ರಸ್ತೆಯಾಚೆಯ ಬೇಕರಿಯ ಬೋರ್ಡು ನೋಡಿದೆ. ಒಳಗಿನ ಗೆರೆಯೂ ಮಂಜು, ಅಕ್ಷರವೂ ಮಂಜು. ಸ್ಕೋಪ್ ಕೆಟ್ಟುಹೋಗಿರಲಿಲ್ಲ. ಕಣ್ಣಿಡುವ ತುದಿಯಲ್ಲಿ ಒಂದು ಬಳೆ ಇರುತ್ತದೆ, ಅದನ್ನು ತಿರುಗಿಸಿ ಅವರವರ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಅದು ಇನ್ನೂ ಅತ್ತೆಯ ಕಣ್ಣಿಗೇ ಇತ್ತು. ಊರಿನವರ ಕಣ್ಣಿಗೆಲ್ಲ ಗಾಜು ಹೊಂದಿಸುವುದೇ ನನ್ನ ಕೆಲಸ; ಅರ್ಧ ಸುತ್ತು ತಿರುಗಿಸಿದರೆ ಸಾಕಿತ್ತು. ಬಳೆಯ ಮೇಲೆ ಬೆರಳಿಟ್ಟೆ. ಅತ್ತೆ ಇರಬೇಕಿತ್ತು ಅನಿಸಿ ಕಣ್ಣು ತುಂಬಿತು. ತಿರುಗಿಸದೆ ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟೆ.