ಕ್ಯಾಲೆಂಡರಿನಲ್ಲಿ ‘ಹೊರಗೆ’

2023ರಲ್ಲಿ ನಾನು ಶಿವಮೊಗ್ಗದ ಒಂದು ಖಾಸಗಿ ಎಂಜಿನಿಯರಿಂಗ್ ಕಂಪನಿಯಲ್ಲಿ ಎಚ್.ಆರ್. ಮ್ಯಾನೇಜರ್ ಆಗಿದ್ದೆ. ಆಫೀಸು ಶಿವಮೊಗ್ಗದಲ್ಲಿ, ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿ ಭದ್ರಾವತಿಯಲ್ಲಿ. ಈಗ ನಿವೃತ್ತಳಾಗಿದ್ದೇನೆ. ಕೆಲಸದಲ್ಲಿ ಕಂಡದ್ದು ಒಂದೊಂದಾಗಿ ಮರೆತುಹೋಗುತ್ತಿದೆ. ಇದೊಂದನ್ನು ಮರೆಯಲು ಆಗಿಲ್ಲ, ಮರೆಯುವ ಮನಸ್ಸೂ ಇಲ್ಲ.

ಆ ವರ್ಷ ಹೊರರಾಜ್ಯದಿಂದ ಹೊಸ ಜನರಲ್ ಮ್ಯಾನೇಜರ್ ಬಂದರು. ಮೀಟಿಂಗ್ ಇಟ್ಟಾಗಲೆಲ್ಲ ಒಬ್ಬರಿಗೆ ಮಗುವಿನ ಸ್ಕೂಲು, ಇನ್ನೊಬ್ಬರಿಗೆ ಡಾಕ್ಟರು ಎಂದು ತಪ್ಪಿಹೋಗುತ್ತಿದ್ದದ್ದು ಅವರಿಗೆ ತಲೆನೋವಾಗಿತ್ತು. ನಮ್ಮ ಆಫೀಸಿನ ಕ್ಯಾಲೆಂಡರ್ ಒಂದು ಕಂಪನಿಯದು, ಜನರ ಮೊಬೈಲಿನಲ್ಲಿದ್ದ ಸ್ವಂತ ಕ್ಯಾಲೆಂಡರ್ ಇನ್ನೊಂದು ಕಂಪನಿಯದು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಾಣದು. ಎರಡನ್ನೂ ಜೋಡಿಸಿ ಒಂದೇ ಪರದೆಗೆ ತರುವುದನ್ನು ಸಿಂಕ್ ಎನ್ನುತ್ತಾರೆ. ಜೋಡಿಸಲು ಎರಡು ದಾರಿಗಳಿವೆ: ಸ್ವಂತ ಕೆಲಸವಿರುವ ಹೊತ್ತಿಗೆ ‘ಬಿಡುವಿಲ್ಲ’ ಎಂದಷ್ಟೇ ತೋರಿಸಬಹುದು, ಅಥವಾ ಬರೆದದ್ದನ್ನು ಬರೆದ ಹಾಗೇ ತೋರಿಸಬಹುದು. ಮೊದಲನೆಯದು ಸಾಕೆಂದು ನಾನು ಲಿಖಿತವಾಗಿಯೇ ಹೇಳಿದೆ. ಮುಚ್ಚಿಡುವಂಥದ್ದೇನಿದೆ ಎಂದು ಕೇಳಿ ಸಾಹೇಬರು ಎರಡನೆಯದನ್ನೇ ಆರಿಸಿದರು. ಹುದ್ದೆಯಲ್ಲಿದ್ದವರೆಲ್ಲ ಐ.ಟಿ. ವಿಭಾಗದವರ ಕೈಗೆ ಮೊಬೈಲು ಕೊಟ್ಟು ಜೋಡಿಸಿಕೊಂಡರು.

ಸವಿತಾ ನಮ್ಮ ಫೌಂಡ್ರಿಯ ಕ್ವಾಲಿಟಿ ಎಂಜಿನಿಯರ್. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಕೆಲಸಗಾರರೊಡನೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಜಗಳವಾಡಬಲ್ಲಳು. ಮದುವೆಯಾಗಿ ಶಿವಮೊಗ್ಗದ ಗೋಪಾಳಕ್ಕೆ ಬಂದ ಮೇಲೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಫೌಂಡ್ರಿಯ ಮುಖ್ಯಸ್ಥರಾದ ಯೂನಿಟ್ ಹೆಡ್ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಇವಳೇ ಎಂದು ಫೌಂಡ್ರಿಯಲ್ಲಿ ಎಲ್ಲರೂ ಅಂದುಕೊಂಡಿದ್ದರು. ಅವಳಿಗೂ ಮುಚ್ಚುಮರೆ ಇರಲಿಲ್ಲ. “ಮೇಡಂ, ಆ ಪೋಸ್ಟ್ ನಂಗೆ ಬೇಕು. ಕೇಳೋಕೆ ಸಂಕೋಚ ಎಂಥದ್ದು?” ಎಂದಿದ್ದಳು.

ಆಯ್ಕೆಗೆ ಕೂತದ್ದು ಮೂವರು: ಸಾಹೇಬರು, ಫೈನಾನ್ಸ್ ವಿಭಾಗದ ಕೃಷ್ಣಮೂರ್ತಿ ಮತ್ತು ನಾನು. ಸಾಹೇಬರು ಸವಿತಾಳ ಕ್ಯಾಲೆಂಡರನ್ನು ಪರದೆಯ ಮೇಲೆ ತೆರೆದರು. ಪ್ರತಿ ತಿಂಗಳೂ ಸಾಲಾಗಿ ಮೂರು ದಿನ, ಕನ್ನಡದಲ್ಲಿ, ‘ಹೊರಗೆ’. ಕಂಪ್ಯೂಟರು ಅದನ್ನು ಅವರಿಗೆ ಇಂಗ್ಲಿಷಿಗೆ ಅನುವಾದಿಸಿ ‘ಕಚೇರಿಯಿಂದ ಹೊರಗೆ’ ಎಂಬಂತೆ ತೋರಿಸಿತ್ತು. ತಿಂಗಳು ತಿಂಗಳೂ ಎಲ್ಲಿಗೆ ಹೋಗುತ್ತಾರೆ, ಬೇರೆ ಕಂಪನಿಯ ಕೆಲಸ ಮಾಡುತ್ತಾರೆಯೇ ಎಂದು ಕೇಳಿದರು.

ನನಗೆ ನೋಡಿದೊಡನೆ ಗೊತ್ತಾಯಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮುಟ್ಟನ್ನು ಹೆಸರಿಟ್ಟು ಹೇಳುವುದಿಲ್ಲ, ‘ಹೊರಗೆ’ ಎನ್ನುತ್ತಾರೆ. ಪೂಜೆಗೋ ವ್ರತಕ್ಕೋ ದಿನ ಇಡುವಾಗ ಅತ್ತೆಗೆ ಮೊದಲೇ ತಿಳಿದಿರಲೆಂದು ಅವಳ ಗಂಡ ಮನೆಮಂದಿಯ ಕ್ಯಾಲೆಂಡರಿನಲ್ಲಿ ಅಂದಾಜಿನ ಮೇಲೆ ಗುರುತು ಹಾಕಿದ್ದನಂತೆ. ಅದು ಇವಳ ಮೊಬೈಲಿನಲ್ಲೂ ಇತ್ತು. ಸಿಂಕ್ ಮಾಡಿದಾಗ ಅದೂ ಜೊತೆಗೆ ಬಂದಿತ್ತು. ಕೃಷ್ಣಮೂರ್ತಿ ಪುರೋಹಿತರ ಮನೆಯವರು. ಆ ಪದದ ಅರ್ಥ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತರು. ನನಗೆ ಮೈಯೆಲ್ಲ ಉರಿಯಿತು.

ಆ ದಿನಗಳಲ್ಲೂ ಅವಳ ಹಾಜರಿ ಇದೆ ಎಂದೆ. ಹಾಗಾದರೆ ಹಾಜರಿ ಹಾಕಿ ಹೊರಗೆ ಹೋಗುತ್ತಾರೆ ಎಂದಾಯಿತು ಎಂದರು ಸಾಹೇಬರು. ಕೋಲು ಕೊಟ್ಟು ಪೆಟ್ಟು ತಿಂದ ಹಾಗಾಯಿತು ನನ್ನ ಪಾಡು. ಐದು ನಿಮಿಷ ಸಮಯ ಕೇಳಿ ಎದ್ದು ಬಂದೆ. ಸವಿತಾ ಸಂದರ್ಶನಕ್ಕೆಂದು ಬಾಗಿಲ ಹೊರಗೇ ಕೂತಿದ್ದಳು.

“ಮಾರಾಯ್ತಿ, ನಿಮ್ಮನೆ ಕ್ಯಾಲೆಂಡರ್ ಪೂರ್ತಿ ಸ್ಕ್ರೀನ್ ಮೇಲಿದೆ. ಆ ಮೂರು ದಿನದ್ದೂ ಇದೆ. ಎಲ್ಲಿಗೆ ಹೋಗ್ತಾಳೆ ಅಂತ ಕೇಳ್ತಿದಾರೆ.”

ಅವಳ ಮುಖ ಕೆಂಪಾಯಿತು. “ಇಬ್ರೂ ನೋಡಿದ್ರಾ?”

“ನೋಡಿದ್ರು. ಏನಾದ್ರೂ ಒಂದು ಸುಳ್ಳು ಹೇಳಿ ಮುಗಿಸ್ಲಾ?”

“ಬೇಡ ಮೇಡಂ. ಸುಳ್ಳು ಹೇಳಿದ್ರೆ ಏನೋ ಕದ್ದ ಹಾಗಾಗುತ್ತೆ. ನಾನೇ ಹೇಳ್ತೀನಿ.”

ಒಳಗೆ ಬಂದು, ತಲೆ ತಗ್ಗಿಸದೆ, ಇಂಗ್ಲಿಷಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಿದಳು. ಸಾಹೇಬರು ಗಾಬರಿಯಾಗಿ ಪರದೆ ಮುಚ್ಚಿ ಕ್ಷಮೆ ಕೇಳಿದರು. ಸಂದರ್ಶನವೂ ಚೆನ್ನಾಗಿಯೇ ಆಯಿತು. ಗಂಡಾಂತರ ಕಳೆಯಿತು ಎಂದುಕೊಂಡೆ.

ಅವಳು ಹೋದ ಮೇಲೆ ಕೃಷ್ಣಮೂರ್ತಿ ಬಾಯಿ ಬಿಟ್ಟರು. “ತಪ್ಪು ತಿಳ್ಕೋಬೇಡಿ ಮೇಡಂ. ಅಮಾವಾಸ್ಯೆಗೆ ಫರ್ನೇಸಿಗೆ ಪೂಜೆ ಮಾಡಿ ಕಾಯಿ ಒಡೆಯೋದು ಯೂನಿಟ್ ಹೆಡ್ಡು. ಅವತ್ತೇ ‘ಹೊರಗೆ’ ಆದ್ರೆ? ವರ್ಕರ್ಸ್ ಒಪ್ತಾರಾ? ಆ ಕಾವಲ್ಲಿ ಪಾಪ, ಅವರಿಗೂ ಕಷ್ಟ.”

“ಇಷ್ಟು ವರ್ಷ ಆ ಕಾವಲ್ಲೇ ನಿಂತಿದಾಳಲ್ಲ ಸಾರ್?”

“ನಿಲ್ಲೋದು ಬೇರೆ, ಕಾಯಿ ಒಡೆಯೋದು ಬೇರೆ.”

ಇದನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಂಡ ಸಾಹೇಬರು ಸ್ಥಳೀಯರ ಭಾವನೆಗಳನ್ನು ಗೌರವಿಸಬೇಕು ಎಂದರು. ಕೆಲಸಗಾರರನ್ನು ಒಂದು ಮಾತು ಕೇಳೋಣ ಎಂದೆ. ಅದರ ಅಗತ್ಯ ಅವರಿಗೆ ಕಾಣಲಿಲ್ಲ. ನನ್ನ ವಿರೋಧ ದಾಖಲಾಯಿತು, ಅಷ್ಟೇ. ಅನುಮಾನ ಸುಳ್ಳಾದರೂ ಅವಳಿಗೆ ಹುದ್ದೆ ತಪ್ಪಿತು. ಶಿವಮೊಗ್ಗದ ಆಫೀಸಿನಿಂದ ಅವಳಿಗಿಂತ ಕಿರಿಯನೊಬ್ಬನನ್ನು ಕಳಿಸಿದರು.

ಕಾರಣವನ್ನು ನಾನು ಅವಳಿಂದ ಮುಚ್ಚಿಡಲಿಲ್ಲ. ಅವಳು ಹೇಳಿದಳು: “ಮನೇಲಿ ಅತ್ತೆ ಲೆಕ್ಕ ಕೇಳಿದ್ರು, ಕೊಟ್ವಿ. ಇಲ್ಲಿ ಯಾರೂ ಕೇಳಿರ್ಲಿಲ್ಲ. ಆದ್ರೂ ಲೆಕ್ಕ ಇಟ್ಕೊಂಡ್ರಲ್ಲ ಮೇಡಂ.” ಈಗಲೂ ಅವಳು ಅದೇ ಕ್ವಾಲಿಟಿ ಎಂಜಿನಿಯರ್. ಹೊಸ ಹೆಡ್ಡು ಕಾಯಿ ಒಡೆಯುತ್ತಾನೆ; ಎರಕ ಸರಿಯಾಗಿದೆಯೇ ಎಂದು ಇವಳನ್ನೇ ಕೇಳುತ್ತಾನೆ.

ಕೆಲವು ವಾರಗಳ ನಂತರ ಕೃಷ್ಣಮೂರ್ತಿ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು. ಮೂಲವ್ಯಾಧಿಯ ಆಪರೇಷನ್ನಿನ ದಿನವನ್ನು ಅವರ ಹೆಂಡತಿ ಮನೆಯ ಕ್ಯಾಲೆಂಡರಿನಲ್ಲಿ ಬರೆದಿದ್ದರಂತೆ. ಅದು ಆಫೀಸಿಗೆಲ್ಲ ಕಂಡಿತ್ತು. “ತೆಗೆಸಿ ಮೇಡಂ, ಮರ್ಯಾದೆ ಪ್ರಶ್ನೆ” ಎಂದರು. ಸಾಹೇಬರಿಗೂ ಹೇಳಿಕೊಂಡರು. ಅಂದೇ ಸಂಜೆ ಆದೇಶ ಬದಲಾಯಿತು: ಇನ್ನು ಮುಂದೆ ‘ಬಿಡುವಿಲ್ಲ’ ಎಂದಷ್ಟೇ ಕಂಡರೆ ಸಾಕು.

ಜನರ ಮಾಹಿತಿಯನ್ನು ಒಂದೆಡೆ ಸೇರಿಸುವ ಮೊದಲು ಅದನ್ನು ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ ಎಂದು ಕೇಳಬೇಕು. ವೃತ್ತಿ ನನಗೆ ಕಲಿಸಿದ ಪಾಠ ಇದು. ಮೈಯ ಸಂಗತಿ ಒಬ್ಬರಿಗೆ ಮರ್ಯಾದೆಯ ಪ್ರಶ್ನೆಯಾಗುತ್ತದೆ, ಇನ್ನೊಬ್ಬರಿಗೆ ಅರ್ಹತೆಯ ಪ್ರಶ್ನೆಯಾಗುತ್ತದೆ. ಕೃಷ್ಣಮೂರ್ತಿ ರಜೆ ಮುಗಿಸಿ ಬಂದಾಗ ಹೂಗುಚ್ಛ ಕೊಟ್ಟು ಬರಮಾಡಿಕೊಂಡೆವು. ಇನ್ನು ಮುಂದೆ ಅವರು ಕುರ್ಚಿಯಲ್ಲಿ ಕೂರಬಲ್ಲರೇ ಎಂದು ಯಾರೂ ಕೇಳಲಿಲ್ಲ.