ಇಬ್ಬರಿಗೆ ಸಾಕಾಗುವ ಗಾಡಿ

ಟ್ರೇಲರ್ ಮಾಡಿಸಿದ್ದೇನೆ ಎಂದರೆ ಕಲಬುರಗಿಯ ನಮ್ಮ ಜೇವರ್ಗಿ ಕಾಲೋನಿಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಎದುರುಮನೆಯ ಹುಡುಗಿ, "ಯಾವ ಸಿನಿಮಾದ್ದ್ರೀ ಟೀಚರ್?" ಎಂದು ಕೇಳಿದಳು. ಹಾಲು ಹಾಕುವವನು ಸ್ವಲ್ಪ ವ್ಯವಹಾರಸ್ಥ. "ತೊಗರಿ ಹೇರ್ಲಾಕೇನ್ರಿ ಬಾಯಾರ?" ಎಂದ. ನನ್ನ ಜೀಪಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಸಣ್ಣ ಕೋಣೆ ಅದು, ಅದರೊಳಗೇ ಮಲಗಬಹುದು, ಅಡುಗೆ ಮಾಡಿಕೊಳ್ಳಬಹುದು, ಬೇಕೆಂದ ಕಡೆ ನಿಲ್ಲಿಸಬಹುದು ಎಂದು ಇಬ್ಬರಿಗೂ ತಾಳ್ಮೆಯಿಂದ ವಿವರಿಸಿದೆ. ಕೇಳಿಸಿಕೊಂಡು ಇಬ್ಬರೂ ಒಂದೇ ಪ್ರಶ್ನೆ ಹಾಕಿದರು: ಮನಿ ಇದ್ದ ಮ್ಯಾಲ ಅದು ಯಾಕ? ಆಗ ನನ್ನ ಹತ್ತಿರ ಉತ್ತರ ಸಿದ್ಧವಾಗಿತ್ತು. ಈಗ ಇಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಬಂದ ಗಂಡುಗಳು ನನಗೆ ಬೇಡವಾದವು, ಬೇಕಾದವು ಬರಲಿಲ್ಲ, ಅಷ್ಟರಲ್ಲಿ ಕೇಳುವವರು ಕೇಳುವುದನ್ನು ಬಿಟ್ಟರು. ಅದೇ ಶಾಲೆಯಲ್ಲಿ ವೃಂದಾ ವಿಜ್ಞಾನ ಕಲಿಸುತ್ತಿದ್ದಳು. ಅವಳ ಮನೆ ನಮ್ಮಿಂದ ಎರಡು ಓಣಿ ಆಚೆ. ಅಲ್ಲಿ ಗಂಡ, ಮಗ, ಸೊಸೆ, ಮೊಮ್ಮಗಳು, ಜೊತೆಗೆ ಇಡೀ ದಿನ ಹಚ್ಚಿಟ್ಟ ಟಿವಿ. ಮೂವತ್ತು ವರ್ಷ ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕ ಕೂತು ಉಂಡವರು ನಾವು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ ಮಾತಾಡುವವಳು ಅವಳು. ಅಂಗಡಿಕಾರರ ಮನೆತನದಲ್ಲಿ ಲಿಂಗಪೂಜೆ ಮಾಡಿಕೊಂಡು ಬೆಳೆದವಳು ನಾನು. ನಿವೃತ್ತರಾದದ್ದೂ ಒಂದೇ ವರ್ಷ. ಬೀಳ್ಕೊಡುಗೆಯ ಭಾಷಣದಲ್ಲಿ ಹೆಡ್ ಮಾಸ್ತರರು ನಮ್ಮನ್ನು ಅವಳಿ ಜವಳಿ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನೇ ಇರಬೇಕು.

ಗಾಡಿಯ ಹುಚ್ಚು ಹತ್ತಿದ್ದು ಫೋನಿನಿಂದ. ಯಾವುದೋ ದೇಶದ ಗಂಡ ಹೆಂಡತಿ ಇಂಥದೊಂದು ಗಾಡಿಯ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು ಕಾಫಿ ಕುಡಿಯುತ್ತಿದ್ದರು. ಅವರ ನಗು ನೋಡಿದರೆ ಒಂದು ದಿನವೂ ಅದರೊಳಗೆ ಪಾತ್ರೆ ತಿಕ್ಕಿದವರಲ್ಲ ಎಂದು ಈಗ ಹೇಳಬಲ್ಲೆ. ಆಗ ಮರುಳಾದೆ. "ನಾವಿಬ್ಬರೂ ಹಿಂಗ ಯಾಕ ಹೋಗಬಾರದು?" ಎಂದು ವೃಂದಾಳನ್ನು ಕೇಳಿದೆ. ಅವಳು ಕನ್ನಡಕ ಏರಿಸಿ ಆ ವಿಡಿಯೋವನ್ನು ಕೊನೆತನಕ ನೋಡಿದಳು. "ಹೋಗೋಣಲ್ಲ, ಅದಕ್ಕೇನಾತು" ಎಂದಳು. ಆ ಮಾತನ್ನು ಅವಳು ಎಷ್ಟು ಸಲೀಸಾಗಿ ಅಂದಳೆಂದರೆ, ನನ್ನಷ್ಟೇ ಅವಳಿಗೂ ಆಸೆಯಿದೆ ಎಂದು ನಾನು ತಿಳಿದೆ.

ಮುಂದಿನ ಕೆಲವು ತಿಂಗಳು ನನ್ನ ನಿವೃತ್ತ ಜೀವನದ ಸುವರ್ಣಯುಗ. ದೊಡ್ಡದು ಬೇಡ, ಎಳೆಯಲಾಗುವುದಿಲ್ಲ. ತೀರ ಸಣ್ಣದು ಬೇಡ, ವೃಂದಾಳಿಗೆ ಮೊಣಕಾಲು ಮಡಚಲಾಗುವುದಿಲ್ಲ. ಕೊನೆಗೆ ನಂದೂರಿನ ಬೇಳೆ ಮಿಲ್ಲುಗಳ ನಡುವೆ ವೆಲ್ಡಿಂಗ್ ಶೆಡ್ ಇಟ್ಟುಕೊಂಡಿದ್ದ ಇಸ್ಮಾಯಿಲ್ ಭಾಯಿಯನ್ನು ಹಿಡಿದೆವು. ಅವರು ಅಲ್ಲಿಯತನಕ ಮಾಡಿದ್ದು ಟ್ರ್ಯಾಕ್ಟರ್ ಟ್ರಾಲಿಗಳನ್ನು ಮತ್ತು ಬಂಡಿಯ ಮೇಲಿನ ಗಿರ್ಮಿಟ್ ಮಿರ್ಚಿಭಜಿ ಅಂಗಡಿಗಳನ್ನು. ನಾವು ತೋರಿಸಿದ ಚಿತ್ರ ನೋಡಿ, "ಫಿಕರ್ ಮಾಡಬ್ಯಾಡ್ರಿ ಮೇಡಂ, ಮನಿಗಿಂತ ಮಸ್ತ್ ಮಾಡಿಕೊಡ್ತೀನಿ" ಎಂದರು. ಸಂಡಾಸು ಒಳಗೆ ಬೇಕೋ ಹೊರಗೋ ಎಂದು ಕೇಳಿದಾಗ ವೃಂದಾ ಬಾಯಿಗೆ ಸೆರಗು ಹಿಡಿದಳು. ಒಲೆಯಿಂದ ಮೊಳದೂರದಲ್ಲಿ ಸಂಡಾಸು ಇರುವ ಮನೆಯನ್ನು ಅವಳ ಅತ್ತೆ ನೋಡಿದ್ದರೆ ಅಲ್ಲೇ ಪ್ರಾಣ ಬಿಡುತ್ತಿದ್ದರಂತೆ. ಆದರೆ ರಾತ್ರಿ ಎರಡು ಸಲ ಏಳಬೇಕಾಗುವ ವಯಸ್ಸು ಅತ್ತೆಯ ಮಡಿಯನ್ನು ಗೆದ್ದಿತು. ಒಳಗೇ ಆಯಿತು.

ದೇವರ ಪ್ರಶ್ನೆಯೂ ಬಂತು. ಇದ್ದದ್ದು ಒಂದೇ ಗೂಡು. ಅವಳ ವಿಷ್ಣು, ನನ್ನ ಶಿವ ಇಬ್ಬರೂ ಅದರಲ್ಲೇ ಇರಬೇಕು. ನಾನು ಪಾಠ ಹೇಳುವ ದನಿಯಲ್ಲಿ ಹರಿಹರನ ವಿಷಯ ತೆಗೆದೆ. ಒಂದೇ ಮೈಯಲ್ಲಿ ಅರ್ಧ ಹರಿ, ಅರ್ಧ ಹರ ಯುಗಯುಗಾಂತರದಿಂದ ನಿಂತಿಲ್ಲವೇ, ಒಂದು ಗೂಡಿನಲ್ಲಿ ಕೂಡಲಾರರೇ? ವೃಂದಾ ಒಪ್ಪಿದಳು. ಹರಿಹರರಿಗೆ ಅಡುಗೆಮನೆ ಇರಲಿಲ್ಲ ಎನ್ನುವುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಹೊರಟೆವು. ಬೀದರ್ ನೋಡಿ, ಹಾಗೇ ಮುಂದೆ ಮನಸ್ಸು ಬಂದಷ್ಟು ದೂರ ಎನ್ನುವುದು ಯೋಜನೆ. ಮೊದಲ ನಿಲುಗಡೆ ಹುಮನಾಬಾದ್ ರಸ್ತೆಯ ಕಮಲಾಪುರ. ಅಲ್ಲಿ ನನ್ನ ಚಿಕ್ಕಪ್ಪನ ಮಗ ಸಿದ್ರಾಮಣ್ಣನ ಕೆಂಪುಬಾಳೆಯ ತೋಟವಿದೆ. ಆ ತೋಟವನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಜೀಪು ನಡೆಸುವವಳು ನಾನು. ಮುಂದಕ್ಕೆ ಚೆನ್ನಾಗಿ ನಡೆಸುತ್ತೇನೆ. ಆದರೆ ಹಿಂದೆ ಗಾಡಿ ಕಟ್ಟಿಕೊಂಡು ರಿವರ್ಸ್ ತೆಗೆಯುವುದು ನನ್ನ ಬುದ್ಧಿಗೆ ನಿಲುಕದ ವಿದ್ಯೆ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಗಾಡಿ ಎಡಕ್ಕೆ ಹೋಗುತ್ತದೆ. ಸಿದ್ರಾಮಣ್ಣನ ತೋಟದ ಮುಂದೆ ದೊಡ್ಡ ಬಯಲಿದೆ. ಸುತ್ತು ಹೊಡೆದು ಹೊರಬೀಳಬಹುದು.

ಕಮಲಾಪುರದ ಮೊದಲ ದಿನ ಸುಖದ್ದು. ತೋಟದ ಅಂಚಿನಲ್ಲಿ ಗಾಡಿ ನಿಲ್ಲಿಸಿ, ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು ಚಹಾ ಕುಡಿದೆವು, ಥೇಟ್ ವಿಡಿಯೋದವರಂತೆ. ಮರುದಿನದಿಂದ ಸಹವಾಸ ಶುರುವಾಯಿತು. ಕನ್ನಡದ ಟೀಚರಾದ್ದರಿಂದ ಶಬ್ದ ಸಿಕ್ಕರೆ ಸುಮ್ಮನೆ ಬಿಡುವುದು ನನಗಾಗುವುದಿಲ್ಲ. ಸಹವಾಸ ಎಂದರೆ ಜೊತೆಯಾಗಿ ಬಾಳುವುದು. ಎಷ್ಟು ಒಳ್ಳೆಯ ಅರ್ಥ! ಆದರೆ ನಾವು ಅದನ್ನು ಯಾವಾಗ ಆಡುತ್ತೇವೆ ನೋಡಿ: "ಅವರ ಸಹವಾಸ ಬೇಡ", "ನಿನ್ನ ಸಹವಾಸ ಸಾಕು". ಜೊತೆಯಾಗಿ ಬಾಳುವ ಶಬ್ದವನ್ನು ನಮ್ಮ ಜನ ಜೊತೆ ಬಿಡುವಾಗ ಮಾತ್ರ ನೆನೆಯುತ್ತಾರೆ. ಈ ಜನ ಹಿಂದೆ ಎಂದೋ ಟ್ರೇಲರಿನಲ್ಲಿ ಇದ್ದವರೇ ಸೈ.

ನಾನು ರೊಟ್ಟಿ ಬಡಿಯಲು ಕೂತರೆ ಗಾಡಿಯೇ ನಡುಗುತ್ತಿತ್ತು. "ಭೂಕಂಪ ಆದಂಗ ಆಗ್ಲಾಕತ್ತದ, ಇವತ್ತ ಚಪಾತಿ ಸಾಕು" ಎಂದು ವೃಂದಾ ತಲೆ ಹಿಡಿದುಕೊಳ್ಳುತ್ತಿದ್ದಳು. ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ಬಾಗಿಲು ತೆರೆದು ಹೊರಗೆ ಹೋಗಿ ನಿಲ್ಲುತ್ತಿದ್ದಳು. ನಾನು ಎದ್ದು ಕಣ್ಣುಜ್ಜುವ ಮೊದಲೇ ನನ್ನ ಹಾಸಿಗೆ ಮಡಚಿ ಅದನ್ನು ಬೆಂಚು ಮಾಡುತ್ತಿದ್ದಳು. ಒಬ್ಬಳೇ ಇದ್ದು ಅಭ್ಯಾಸವಾದ ನನಗೆ ಬೆಳಿಗ್ಗೆ ಒಂದು ತಾಸು ಯಾರೂ ಮಾತಾಡಿಸಬಾರದು. ತುಂಬಿದ ಮನೆಯ ಅವಳಿಗೆ ಎದ್ದ ಕೂಡಲೇ ಯಾರೊಂದಿಗಾದರೂ ಮಾತಾಡಬೇಕು. ನಾನು ಸಿಗದಿದ್ದರೆ ಸೊಸೆಗೆ ಫೋನು. ಜೀರಿಗೆ ಎಲ್ಲಿದೆ, ಮೊಮ್ಮಗಳಿಗೆ ಕೆಮ್ಮು ಹೇಗಿದೆ, ಇವರು ಮಾತ್ರೆ ತಗೊಂಡರೋ ಇಲ್ಲವೋ. ಗಾಡಿ ಕಮಲಾಪುರದಲ್ಲಿತ್ತು, ವೃಂದಾ ಇನ್ನೂ ಜೇವರ್ಗಿ ಕಾಲೋನಿ ಬಿಟ್ಟಿರಲಿಲ್ಲ.

ಆದರೂ ಇದ್ಯಾವುದೂ ನನಗೆ ಕಹಿಯೆನಿಸಲಿಲ್ಲ. ಯಾಕೆಂದರೆ ನಾನೊಂದು ಉಪಕಾರ ಮಾಡುತ್ತಿದ್ದೇನೆ ಎನ್ನುವ ಭಾವನೆಯಲ್ಲಿದ್ದೆ. ಒಂದು ಸಂಜೆ ಸಿದ್ರಾಮಣ್ಣ ಬಾಳೆಗೊನೆ ತೋರಿಸಲು ಕರೆದೊಯ್ದ. "ನಿನ್ನ ಗೆಳತಿಗಿ ಇಲ್ಲಿ ಮನಸ್ ಹತ್ತಿಲ್ಲ ಅನಸ್ತದಲ್ಲ ತಂಗಿ?" ಎಂದ.

"ಇಲ್ಲ ಅಣ್ಣಾ. ಪಾಪ, ಆಕಿಗಿ ಮನ್ಯಾಗ ಒಂದ್ ತಾಸರೆ ಆರಾಮಿಲ್ಲ. ದುಡದು ದುಡದು ಸಣ್ಣಾಗ್ಯಾಳ. ಅದಕ್ಕೇ ಎಳಕೊಂಡ್ ಬಂದೀನಿ" ಎಂದೆ. ಹೇಳುವಾಗ ನನ್ನ ದನಿ ನನಗೇ ಹಿತವಾಗಿ ಕೇಳಿಸಿತು.

ಮರುದಿನ ಮಧ್ಯಾಹ್ನ. ಉಂಡು ನಾನು ತೋಟದ ಕಡೆ ಹೋಗಿದ್ದೆ. ಬಿಸಿಲು ಜೋರಾಯಿತೆಂದು ಬೇಗ ಮರಳಿ, ಒಳಗೆ ಹೋಗಿ ಅಡ್ಡಾದೆ. ಗಾಡಿಯ ಇನ್ನೊಂದು ಮಗ್ಗುಲಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ವೃಂದಾಳಿಗೆ ನಾನು ಬಂದದ್ದು ಗೊತ್ತಾಗಲಿಲ್ಲ. ಅವಳ ಬೆನ್ನಿಗೂ ನನ್ನ ಕಿವಿಗೂ ನಡುವೆ ಇದ್ದದ್ದು ಇಸ್ಮಾಯಿಲ್ ಭಾಯಿಯ ತಗಡು. ಸೊಸೆಗೆ ಫೋನಿನಲ್ಲಿ ಹೇಳುತ್ತಿದ್ದಳು. ಸೊಸೆ ಕನ್ನಡದ ಮನೆಯಿಂದ ಬಂದವಳು, ಅವಳೊಂದಿಗೆ ಮಾತು ಕನ್ನಡದಲ್ಲೇ.

"ಇನ್ನೊಂದ್ ವಾರ ಹೆಂಗರೆ ಮಾಡಿ ನೋಡ್ಕೋ ಅವ್ವಾ. ನನಗೇನ್ ಇಲ್ಲಿ ಭಾಳ ಖುಷಿ ಅದ ಅಂತ ತಿಳ್ಕೊಂಡೀಯೇನು? ನೀರಿಲ್ಲ, ನೆಟ್ಟಗ ನಿದ್ದಿಲ್ಲ. ಆದ್ರ ಪಾಪ, ಆಕಿಗೆ ಯಾರದಾರ ಹೇಳು? ನಾ ಒಲ್ಲೆ ಅಂದಿದ್ರ ಈ ಡಬ್ಬ್ಯಾಗ ಒಬ್ಬಾಕಿನೇ ಕೂಡಬೇಕಾಗ್ತಿತ್ತು. ಮೊದಲಿಂದ ಹಂಗೇ ಅಲ್ಲ, ಶಾಳ್ಯಾಗೂ ಯಾರೂ ಆಕಿ ಜೋಡಿ ಕೂಡ್ತಿದ್ದಿಲ್ಲ. ನಾನೇ ಕೂಡ್ತಿದ್ದೆ."

ನಾನು ಚಾವಣಿಯ ತಗಡು ನೋಡುತ್ತ ಮಲಗೇ ಇದ್ದೆ. ಎದ್ದು ಹೊರಗೆ ಹೋಗಿ ಜಗಳ ತೆಗೆಯಬಹುದಿತ್ತು. ಕೆಮ್ಮಿ ನನ್ನ ಇರವನ್ನಾದರೂ ತಿಳಿಸಬಹುದಿತ್ತು. ಎರಡೂ ಮಾಡಲಿಲ್ಲ. ಅಂಥ ಹೊತ್ತಿನಲ್ಲೂ ನನ್ನ ತಲೆ ಶಬ್ದದ ಹಿಂದೆ ಹೋಯಿತು ಎಂದರೆ ನೀವು ನಗುತ್ತೀರಿ. ಪಾಪ! ಕನ್ನಡದಲ್ಲಿ ಕರ್ಮಕ್ಕೂ ಕನಿಕರಕ್ಕೂ ಒಂದೇ ಶಬ್ದ. ಮಾಡಬಾರದ್ದನ್ನು ಮಾಡಿದರೂ ಪಾಪ, ಯಾರನ್ನಾದರೂ ಕಂಡು ಮರುಗಿದರೂ ಪಾಪ. ಇಷ್ಟು ವರ್ಷ ಮಕ್ಕಳಿಗೆ ನಾನಾರ್ಥ ಬರೆಸುವಾಗ ಇದೊಂದು ಕಾಕತಾಳೀಯ ಎಂದುಕೊಂಡಿದ್ದೆ. ಅಲ್ಲ, ನಮ್ಮ ಹಿರಿಯರು ಯೋಚಿಸಿಯೇ ಒಂದು ಶಬ್ದದಲ್ಲಿ ಮುಗಿಸಿದ್ದಾರೆ. ಹಿಂದಿನ ಸಂಜೆ ಸಿದ್ರಾಮಣ್ಣನ ಮುಂದೆ ನಾನೂ ಅದೇ ಶಬ್ದ ಆಡಿದ್ದೆನಲ್ಲ. ಇಬ್ಬರ ಮೈಗೆ ಎಷ್ಟು ಜಾಗ ಬೇಕೆಂದು ಟೇಪು ಹಿಡಿದು ಅಳೆದಿದ್ದೆವು. ಇಬ್ಬರ ಕನಿಕರಕ್ಕೆ ಎಷ್ಟು ಬೇಕೆಂದು ಅಳೆದಿರಲಿಲ್ಲ. ಅವಳನ್ನು ಮನೆಯಿಂದ ಬಿಡಿಸಲು ನಾನು, ನನ್ನನ್ನು ಒಂಟಿತನದಿಂದ ಬಿಡಿಸಲು ಅವಳು. ತಿರುಗಾಡಲು ಬಂದವರು ಆ ಗಾಡಿಯಲ್ಲಿ ಯಾರೂ ಇರಲಿಲ್ಲ.

ಇಷ್ಟು ತಿಳಿದ ಮೇಲೆ ಲೆಕ್ಕ ಸರಿಹೋಗಿ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ನನ್ನ ಪಾಪ ಐದು ದಿನದ್ದು, ಅವಳದು ಮೂವತ್ತು ವರ್ಷದ್ದು.

ಸಂಜೆ ಚಹಾ ಕೊಡುವಾಗ, "ನಾಳಿ ಮನಿಗಿ ಹೋಗೋಣ" ಎಂದೆ.

"ಯಾಕ? ಬೀದರಿಗೆ ಹೋಗೂದಿತ್ತಲ್ಲ?"

"ಮೊಣಕಾಲು ಭಾಳ ನೋಯ್ಲಾಕತ್ತದ."

ಅವಳ ಮುಖದಲ್ಲಿ ಒಂದು ಗಳಿಗೆ ಬಿಡುಗಡೆಯ ಬೆಳಕು ಬಂದು ಹೋಯಿತು. ಕೂಡಲೇ ಅದನ್ನು ಒರೆಸಿಕೊಂಡು, "ಅಯ್ಯ, ಮೊದಲ ಹೇಳಬಾರದೇನ? ಚಾಚು ಇಲ್ಲಿ" ಎಂದು ಎಣ್ಣೆ ಬಿಸಿ ಮಾಡಿ ತಂದಳು. ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ. ಮೊಣಕಾಲು ನೋವು ಇದ್ದದ್ದು ಅವಳಿಗೆ. ಆದರೂ ಅವಳು ನೆಲಕ್ಕೆ ಕೂತು, ಮಡಚಲಾಗದ ತನ್ನ ಕಾಲು ಅಡ್ಡಕ್ಕೆ ಚಾಚಿಕೊಂಡು, ನೋವಿಲ್ಲದ ನನ್ನ ಕಾಲನ್ನು ತಿಕ್ಕಿದಳು. ನಾನು ಆಗಾಗ "ಹಾ, ಅಲ್ಲೇ" ಎನ್ನಬೇಕಾಯಿತು. ಅಷ್ಟು ಹಿಂಸೆಯ ಎಣ್ಣೆಯನ್ನು ನನ್ನ ಮೈ ಹಿಂದೆಂದೂ ಕಂಡಿರಲಿಲ್ಲ.

ಮರುದಿನ ಬಯಲಿನಲ್ಲಿ ಒಂದು ಸುತ್ತು ಹೊಡೆದು ಕಲಬುರಗಿಯ ರಸ್ತೆ ಹಿಡಿದೆ. ದಾರಿಯುದ್ದಕ್ಕೂ ವೃಂದಾ ಸೊಸೆಯೊಂದಿಗೆ ರಾತ್ರಿಯ ಅಡುಗೆಯ ಮಾತಾಡಿದಳು. ಅವಳ ಮನೆಯ ಮುಂದೆ ಇಳಿಯುವಾಗ, "ನನ್ನ ಮ್ಯಾಲ ಸಿಟ್ಟೇನು? ದಾರ್‍ಯಾಗ ಒಂದ್ ಮಾತೂ ಆಡ್ಲಿಲ್ಲ" ಎಂದಳು.

"ಸಿಟ್ಟ್ಯಾಕ? ಗಾಡಿ ಹೊಡೀಲಾಕತ್ತಿದ್ದೆ" ಎಂದೆ. ಕೇಳಿಸಿಕೊಂಡದ್ದನ್ನು ಹೇಳಿದ್ದರೆ ಅವಳು ಅತ್ತು ಕ್ಷಮೆ ಕೇಳುತ್ತಿದ್ದಳು. ನಾನು ಕ್ಷಮಿಸಬೇಕಾಗುತ್ತಿತ್ತು. ಆಮೇಲೆ ಅವಳು ಇನ್ನಷ್ಟು ಕನಿಕರದಿಂದ ದಿನಾ ಬಂದು ಕೂಡುತ್ತಿದ್ದಳು.

ಗಾಡಿ ಕೆಲವು ವಾರ ನಮ್ಮ ಗೇಟಿನ ಮುಂದೆ ನಿಂತು ಬಿಸಿಲು ಕಾಯಿಸಿತು. ಎದುರುಮನೆಯವರಿಗೆ ಕಾರು ತೆಗೆಯಲು ತೊಂದರೆಯಾಗತೊಡಗಿದಾಗ ಇಸ್ಮಾಯಿಲ್ ಭಾಯಿಗೇ ಫೋನು ಮಾಡಿದೆ. ಹೊಸದಾಗಿ ಮದುವೆಯಾದ ಡಾಕ್ಟರ್ ಜೋಡಿಯೊಂದನ್ನು ಅವರೇ ಕರೆತಂದರು. ಆ ಹುಡುಗಿ ಒಳಗೆಲ್ಲ ನೋಡಿ, "ಇಬ್ಬರಿಗೆ ಸಾಕಾಗ್ತದೇನ್ರಿ ಮೇಡಂ?" ಎಂದು ಕೇಳಿದಳು. ಅವಳ ಗಂಡ ಆಗಲೇ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದ. "ಧಾರಾಳ ಆಗ್ತದವ್ವಾ" ಎಂದೆ. ಟೀಚರಾದವಳು ಎಲ್ಲವನ್ನೂ ಹೇಳಿಕೊಡಬಾರದು.

ಅದಾಗಿ ಯುಗಾದಿ ಬಂತು. ಹಬ್ಬದ ದಿನ ಮಧ್ಯಾಹ್ನ ವೃಂದಾ ಡಬ್ಬಿ ಹಿಡಿದು ಬಂದಳು. "ಒಬ್ಬಾಕಿ ಸಲುವಾಗಿ ಎಲ್ಲಿ ಹೂರಣ ರುಬ್ಬಕೋತ ಕೂಡ್ತಿ? ಹೋಳಿಗಿ ತಂದೀನಿ, ಬಿಸಿ ಅದಾವ, ಈಗ ತಿನ್ನು" ಎಂದು ಹೇಳಿ, ಮನೆಯಲ್ಲಿ ಪಂಕ್ತಿ ಕಾದಿದೆ ಎಂದು ಹಾಗೇ ಓಡಿದಳು. ಪ್ರತಿ ಹಬ್ಬಕ್ಕೂ ಅವಳ ಡಬ್ಬಿ ಹೀಗೆ ಬರುತ್ತದೆ. ಅದು ಗೆಳೆತನದ ಪಾಲು ಎಂದು ಇಷ್ಟು ವರ್ಷ ಉಂಡಿದ್ದೆ. ಈ ಸಲ ಮುಚ್ಚಳ ತೆಗೆಯದೆ ಬಹಳ ಹೊತ್ತು ಅದರ ಮುಂದೆ ಕೂತೆ. ಬಾಗಿಲಿಗೆ ಯಾರಾದರೂ ಬಂದರೆ ಕೊಟ್ಟುಬಿಡೋಣ ಎಂದುಕೊಂಡೆ. ಯಾರೂ ಬರಲಿಲ್ಲ. ಹಸಿವಾಯಿತು. ತೆರೆದೆ, ಒಂದು ತಿಂದೆ, ಇನ್ನೊಂದು ತಿಂದೆ.

ಹೋಳಿಗೆ ಬಹಳ ಚೆನ್ನಾಗಿತ್ತು. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ.