ಬಿಟ್ಟ ಸ್ಥಳ ತುಂಬಿದವರು

ಕುರುಬರಹಳ್ಳಿಯಲ್ಲಿ ಪೂಜೆ ಸಾಮಾನಿನ ಅಂಗಡಿ ಇಟ್ಟಿದ್ದ ಗುರುಬಸಪ್ಪನವರಿಗೆ ಗಿರಾಕಿಯ ಮಾತನ್ನು ಪೂರ್ತಿ ಕೇಳಿ ಅಭ್ಯಾಸವಿರಲಿಲ್ಲ. "ಅಣ್ಣಾ, ಗೃಹಪ್ರವೇಶಕ್ಕೆ..." ಅನ್ನುವಷ್ಟರಲ್ಲಿ ವಿಭೂತಿ, ಕುಂಕುಮ, ಕರ್ಪೂರ ಎಲ್ಲ ಪೊಟ್ಟಣವಾಗಿ ಕೈಗೆ ಬಂದಿರುತ್ತಿತ್ತು. ಶಾಲೆಯಲ್ಲೂ ಅವರಿಗೆ ಒಲಿದಿದ್ದ ಪ್ರಶ್ನೆ ಅದೊಂದೇ: ಬಿಟ್ಟ ಸ್ಥಳ ತುಂಬಿರಿ.

ಹೋದ ಯುಗಾದಿ ಕಳೆದ ಮೇಲೆ ಹೆಂಡತಿ ಶಿವಗಂಗಮ್ಮನಿಗೆ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸ್ವಾಧೀನಕ್ಕೆ ಬಂದವು, ಮಾತು ಬರಲಿಲ್ಲ. ಎಲ್ಲ ತಿಳಿಯುತ್ತಿತ್ತು; ಆದರೆ ಪದಗಳು ಹೊಸ್ತಿಲವರೆಗೆ ಬಂದು, ಚಪ್ಪಲಿ ಬಿಡದೆ ನಿಂತ ನೆಂಟರ ಹಾಗೆ, ಮೊದಲ ಅಕ್ಷರಕ್ಕೇ ನಿಲ್ಲುತ್ತಿದ್ದವು. ಗುರುಬಸಪ್ಪ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಹೆಂಡತಿಯ ಪಕ್ಕ ಕೂತರು. "ನೀ..." ಅಂದರೆ ನೀರು ತಂದರು. "ಫ್ಯಾ..." ಅಂದರೆ ಸ್ವಿಚ್ ಒತ್ತಿದರು. ಸೊಸೆ ಹೇಮಶ್ರೀ ನಗುತ್ತಿದ್ದಳು: "ಮಾವ, ಅತ್ತೆಗೆ ನೀವೇ ಆಟೋಕರೆಕ್ಟು!"

ಮಾತಿನ ತರಬೇತಿ ಕೊಡಿಸಿ ಎಂದು ಆಸ್ಪತ್ರೆಯವರು ಆಗಲೇ ಹೇಳಿದ್ದರು. "ಮನೇಲಿ ನಾನಿದೀನಲ್ಲ" ಎಂದು ಗುರುಬಸಪ್ಪ ಮುಂದೂಡಿದರು. ದೀಪಾವಳಿಯಾದ ಮೇಲೆ ಹೇಮಶ್ರೀ ಹಟ ಹಿಡಿದು ಇಬ್ಬರನ್ನೂ ಮಹಾಲಕ್ಷ್ಮಿ ಲೇಔಟಿನ ಥೆರಪಿಸ್ಟ್ ಸುವರ್ಣಾಳ ಬಳಿ ಕರೆದೊಯ್ದಳು. ಗದಗದ ಕಡೆಯ ಹುಡುಗಿ. ಬೀಗದ ಚಿತ್ರ ತೋರಿಸಿ ಕೇಳಿದಳು: "ಇದೇನ್ರಿ ಅಮ್ಮಾರ?"

"ಬೀ..."

"ಬೀಗ" ಎಂದರು ಗುರುಬಸಪ್ಪ. ಬಾಚಣಿಗೆಗೂ ಅವರೇ ಉತ್ತರ ಕೊಟ್ಟರು.

ಸುವರ್ಣಾ ಚಿತ್ರಗಳನ್ನು ಕೆಳಗಿಟ್ಟಳು. "ಸರ, ಪೇಶಂಟ್ ಯಾರ್ರೀ? ನೀವೋ, ಅವರೋ? ಮಿದುಳಿನ ಕೋಶಕ್ಕೂ ಕೋಶಕ್ಕೂ ನಡುವ ಸಣ್ಣ ಸಂದಿ ಇರ್ತೈತಿ. ಅಮ್ಮಾರು ಶಬ್ದ ಹುಡುಕಿ ಒದ್ದಾಡ್ತಾರಲ್ಲ, ಆಗ ಅಲ್ಲಿ ಒಂದು ಪ್ರೋಟೀನ್ ಒಸರತೈತಿ. ಗ್ರೋತ್ ಫ್ಯಾಕ್ಟರ್ ಅಂತಾರ. ಬೆಳಿಗೆ ಗೊಬ್ಬರ ಇದ್ದಂಗ. ಅದರಿಂದ ಕೋಶಗಳ ಸಂಬಂಧ ಗಟ್ಟಿ ಆಗ್ತೈತಿ. ಓಡಾಡದ ದಾರಿ ಹುಲ್ಲು ಬೆಳದು ಮುಚ್ಚಿ ಹೋಗ್ತೈತಿ."

"ಅದಕ್ಕೆ ಮಾತ್ರೆ ಬರಲ್ವೇನಮ್ಮ?"

"ಇಲ್ರಿ. ಅವರ ಬಾಯಿಂದನ ಬರಬೇಕು."

"ಅಂದ್ರೆ ಮಾತ್ರೆ ಅಲ್ಲ, ಮಾತು ಮಾತ್ರ!" ಗುರುಬಸಪ್ಪ ಅಭ್ಯಾಸಬಲದಿಂದ ನಕ್ಕರು.

ಸುವರ್ಣಾ ನಗಲಿಲ್ಲ. "ಮೊದಲಿನ ತಿಂಗಳಾಗ ಕರಕೊಂಡು ಬಂದಿದ್ರ ಮಾತು ಜಲ್ದಿ ಬರ್ತಿತ್ರಿ. ಈಗೂ ಬರ್ತೈತಿ, ಆದ್ರ ಭಾಳ ನಿಧಾನ. ಅವರು ಒದ್ದಾಡ್ಲಿ. ನೀವು ಸುಮ್ಮನಿರ್ರಿ."

ಮದುವೆಯಾದಾಗಿನಿಂದ "ಮಾತು ಬೆಳೆಸಬೇಡ" ಎಂದು ಹೆಂಡತಿಯ ಬಾಯಿ ಮುಚ್ಚಿಸಿದ್ದ ಮನುಷ್ಯ. ಈಗ ಮಾತು ಬೆಳೆಯಬೇಕಾದರೆ ಬಾಯಿ ಮುಚ್ಚಬೇಕಾದವರು ತಾವು. ಆಟೋದಲ್ಲಿ ಮನೆವರೆಗೂ ಅವರಿಗೆ ಒಂದು ಶ್ಲೇಷೆಯೂ ಹೊಳೆಯಲಿಲ್ಲ. ಕಳೆದುಹೋದ ತಿಂಗಳುಗಳು ಮಾತ್ರ ಹೊಳೆದವು. ಪ್ರೀತಿಯಿಂದ ತಾವೇ ಕಿತ್ತುಕೊಂಡ ತಿಂಗಳುಗಳು.

ಮರುದಿನ ಬೆಳಿಗ್ಗೆ ಉಪ್ಪಿಟ್ಟು. ಗುರುಬಸಪ್ಪ ಸೌಟು ಹಿಡಿದು ಬಗ್ಗಿದಾಗ ಶಿವಗಂಗಮ್ಮ ತಟ್ಟೆ ನೋಡಿ, "ಬೇ..." ಎಂದರು.

ನಿನ್ನೆಯಾಗಿದ್ದರೆ "ಬೇಕಾ? ತಗೋ" ಎಂದು ಇನ್ನೊಂದು ಸೌಟು ಬಿದ್ದಿರುತ್ತಿತ್ತು. ಇವತ್ತು ನಾಲಿಗೆ ಕಚ್ಚಿಕೊಂಡರು. ಆಕೆಯ ತುಟಿ ಮಡಚಿತು, ಬಿಚ್ಚಿತು. ಹಣೆಯಲ್ಲಿ ಬೆವರು ಒಡೆಯಿತು. ಉಪ್ಪಿಟ್ಟಿನ ಹಬೆ ಆರಿತು. ಹೇಮಶ್ರೀ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ಬೇ... ಬೇ... ಡ."

ಸೌಟು ಪಾತ್ರೆಗೆ ವಾಪಸಾಯಿತು. ಇಷ್ಟು ತಿಂಗಳು ಆ ತಟ್ಟೆಗೆ ಬಿದ್ದ ಎರಡನೇ ಸೌಟುಗಳು, ಸೆಖೆಯಲ್ಲೂ ಹೊದಿಸಿದ ಶಾಲು, ಎದುರಿಗೆ ಹಾಕಿಟ್ಟ ಟೀವಿ. ಪ್ರತಿ "ಬೇ"ಗೂ ಅವರೇ ಒಂದು "ಕು" ಸೇರಿಸಿದ್ದರು.

"ಗಂಗಾ, ಇಷ್ಟು ದಿನಾನೂ ಬೇಡ ಅಂತಾನೇ ಅಂತಿದ್ಯೇನೇ?"

ಶಿವಗಂಗಮ್ಮ ಗಂಡನ ಮುಖ ನೋಡಿದರು. "ಹೌ..."

ಉಳಿದ ಅಕ್ಷರ ಗುರುಬಸಪ್ಪನವರಿಗೆ ಗೊತ್ತಿತ್ತು. ಅದು ಬರದಿದ್ದರೇ ಚೆನ್ನ ಎಂದು ಒಳಗೊಳಗೇ ಅನಿಸಿತು. ಆದರೂ ಆಕೆಯ ಎದುರಿಗೆ ಕೂತು, ಅದು ಬರುವವರೆಗೂ ಕಾದು, ಪೂರ್ತಿ ಕೇಳಿಸಿಕೊಂಡರು.